‘ಹನಿ ರಕ್ತದಲ್ಲಿ ಆಟಿಸಂ ಪತ್ತೆ’: ಸುದ್ದಿಯನ್ನು ಓದುವುದು ಹೇಗೆ?

ಹೆಸರು ಹಿಡಿದು ಕರೆದರೂ ತಿರುಗಿ ನೋಡದ ಎರಡು ವರ್ಷದ ಮಗು ಮನೆಯಲ್ಲಿದ್ದರೆ, ‘ರಕ್ತಪರೀಕ್ಷೆಯಿಂದ ಆಟಿಸಂ ಪತ್ತೆ, ಶೇ 90 ನಿಖರ’ ಎಂಬ ತಲೆಬರಹ ಕಂಡ ಕೂಡಲೇ ಲ್ಯಾಬ್‌ಗೆ ಓಡೋಣ ಎನಿಸುತ್ತದೆ. ಓಡುವ ಮೊದಲು ಒಂದು ಪೆನ್ನು ಹಿಡಿದುಕೊಳ್ಳಿ.

ಆ ಶೇ 90 ಎಲ್ಲಿಂದ ಬಂತು ಎಂದು ಮೊದಲು ನೋಡಿ. ಇಂಥ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಆಟಿಸಂ (ಮಾತುಕತೆ, ಒಡನಾಟದ ಬೆಳವಣಿಗೆ ಭಿನ್ನವಾಗಿರುವ ಸ್ಥಿತಿ) ಇರುವುದು ಖಚಿತವಾಗಿರುವ ಮಕ್ಕಳನ್ನೂ ಯಾವ ತೊಂದರೆಯೂ ಇಲ್ಲದ ಮಕ್ಕಳನ್ನೂ ಹೆಚ್ಚುಕಡಿಮೆ ಸಮಸಂಖ್ಯೆಯಲ್ಲಿ ಹೋಲಿಸಿರುತ್ತಾರೆ. ಹೊರಗೆ ಹಾಗಿರುವುದಿಲ್ಲ. 1,000 ಮಕ್ಕಳಲ್ಲಿ 10 ಮಂದಿಗೆ ಆಟಿಸಂ ಇದೆ ಎನ್ನೋಣ. ಪರೀಕ್ಷೆ ಅವರಲ್ಲಿ 9 ಮಕ್ಕಳನ್ನು ಗುರುತಿಸುತ್ತದೆ. ಉಳಿದ 990ರಲ್ಲಿಯೂ ಶೇ 10ರಷ್ಟು ತಪ್ಪಿದರೆ 99 ಮಕ್ಕಳ ವರದಿ ಸುಮ್ಮಸುಮ್ಮನೆ ಪಾಸಿಟಿವ್. ಒಟ್ಟು 108 ಪಾಸಿಟಿವ್‌ಗಳಲ್ಲಿ ನಿಜವಾದವು 9, ಅಂದರೆ ಶೇ 8ರ ಆಸುಪಾಸು. ಉಳಿದ ಮನೆಗಳಲ್ಲಿ ನಿದ್ದೆ ಕೆಟ್ಟದ್ದೇ ಬಂತು.

ಬಳಿಕ, ಅಳೆದದ್ದು ಏನನ್ನು ಎಂದು ಹುಡುಕಿ. ಈ ಹುಡುಕಾಟ ಹೊಸದಲ್ಲ. ಆಟಿಸಂ ಇರುವ ಕೆಲವು ಮಕ್ಕಳ ರಕ್ತದಲ್ಲಿ ಸೆರೊಟೋನಿನ್ ಎಂಬ ನರಸಂದೇಶ ಒಯ್ಯುವ ರಾಸಾಯನಿಕ ಹೆಚ್ಚಿರುವುದು 1961ರಲ್ಲೇ ವರದಿಯಾಗಿತ್ತು. ರಕ್ತದಲ್ಲಿನ ಸೆರೊಟೋನಿನ್ ಬಹುಪಾಲು ಪ್ಲೇಟ್‌ಲೆಟ್‌ಗಳೊಳಗೆ ಇರುತ್ತದೆ, ಅಳೆಯುವುದು ಕಷ್ಟವೇನಲ್ಲ. ಆದರೆ ಅದು ಏರಿರುವುದು ಸರಿಸುಮಾರು ನಾಲ್ವರಲ್ಲಿ ಒಬ್ಬರಿಗೆ. ಮಿಕ್ಕವರ ವರದಿ ‘ನಾರ್ಮಲ್’ ಎಂದೇ ಬರುತ್ತದೆ, ಆಟಿಸಂ ಮಾತ್ರ ಇದ್ದೇ ಇರುತ್ತದೆ. ಕೆಲವು ಅಧ್ಯಯನಗಳು ಅಳೆಯುವ, ರಕ್ತದಲ್ಲಿನ ಉರಿಯೂತದ ಸೂಚಕಗಳ ಪಾಡು ಇನ್ನೂ ಅತಂತ್ರ: ನೆಗಡಿಯಾದರೂ ಏರುತ್ತವೆ.

ಹಾಗಾದರೆ ವೈದ್ಯರು ರಕ್ತ ತೆಗೆಸುವುದೇ ಇಲ್ಲವೇ? ತೆಗೆಸುತ್ತಾರೆ, ಉದ್ದೇಶ ಬೇರೆ. ಕ್ರೋಮೋಸೋಮಲ್ ಮೈಕ್ರೋಅರೇ (ಕ್ರೋಮೋಸೋಮಿನ ತುಣುಕು ಕಳೆದಿದೆಯೇ, ಹೆಚ್ಚಿದೆಯೇ ಎಂದು ನೋಡುವುದು) ಮತ್ತು ಫ್ರಜೈಲ್ ಎಕ್ಸ್ (ಎಕ್ಸ್ ಕ್ರೋಮೋಸೋಮಿನ ಒಂದು ವಂಶವಾಹಿಯ ದೋಷ) ಪರೀಕ್ಷೆಗಳು ಆಟಿಸಂನ ಹಿಂದೆ ವಂಶವಾಹಿಯ ಕಾರಣವಿದೆಯೇ ಎಂದು ಹುಡುಕುತ್ತವೆ. ಸಿಕ್ಕರೆ ಮುಂದಿನ ಮಗುವಿನ ಬಗ್ಗೆ ಯೋಚಿಸಲು ನೆರವಾಗುತ್ತದೆ. ಸಿಗದಿದ್ದರೆ ಆಟಿಸಂ ಇಲ್ಲವೆಂದಲ್ಲ. ಮಣ್ಣು, ಸುಣ್ಣ, ಬಣ್ಣದ ಚಕ್ಕೆ ತಿನ್ನುವ ಮಗುವಾದರೆ ರಕ್ತದಲ್ಲಿ ಸೀಸದ ಪ್ರಮಾಣ ನೋಡಿಸಿ. ಶ್ರವಣ ಪರೀಕ್ಷೆಯನ್ನಂತೂ ಬಿಡಬೇಡಿ, ಅದಕ್ಕೆ ಸೂಜಿಯೂ ಬೇಡ.

ವರದಿಯ ಜೊತೆಗೇ ವಿಟಮಿನ್ ಡಬ್ಬಿಯನ್ನೋ ‘ದೇಹದ ವಿಷ ತೆಗೆಯುವ’ ಚಿಕಿತ್ಸೆಯನ್ನೋ ಮಾರುವವರ ಎದುರಿನಿಂದ ಎದ್ದು ಬನ್ನಿ. ಲೋಹ ತೆಗೆಯುವ ಕೀಲೇಶನ್ ಆಟಿಸಂಗೆ ಮದ್ದಲ್ಲ; ಅದರಿಂದ ಮಕ್ಕಳ ಜೀವ ಹೋದದ್ದೂ ಉಂಟು.

ಆಟಿಸಂ ಇದೆಯೇ ಎಂದು ಇಂದಿಗೂ ತಿಳಿಯುವುದು ಮಗುವನ್ನು ನೋಡಿಯೇ. 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ ಇದೆ. ಅದು ಶಂಕೆಯನ್ನಷ್ಟೇ ಹೇಳುತ್ತದೆ, ತೀರ್ಮಾನ ತಜ್ಞರದು. ಆಕಾಶದಲ್ಲಿ ವಿಮಾನ ಕಂಡಾಗ ಮಗು ಬೆರಳು ತೋರಿಸಿ, ನೀವೂ ನೋಡಿದಿರಾ ಎಂದು ನಿಮ್ಮ ಮುಖ ನೋಡುತ್ತದೆಯೇ? ಬರಿದೆ ಬಿಸ್ಕತ್ತು ಬೇಕೆಂದು ಕೈ ಎಳೆಯುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಮಗು ಆಡುವಾಗ, ಉಣ್ಣುವಾಗ, ಕರೆದಾಗ ಹೇಗಿರುತ್ತದೆಂದು ಮೊಬೈಲ್‌ನಲ್ಲಿ ಎರಡೆರಡು ನಿಮಿಷ ಚಿತ್ರೀಕರಿಸಿ ಒಯ್ಯಿರಿ; ಅಪರಿಚಿತ ಕೋಣೆಯಲ್ಲಿ ಮುದುಡಿ ಕೂರುವ ಮಗು ಅಲ್ಲಿ ಅದನ್ನೆಲ್ಲ ತೋರಿಸುವುದಿಲ್ಲ. ಮಾತಿನ ತರಬೇತಿಯನ್ನು ಶಂಕೆ ಮೂಡಿದಾಗಲೇ ಶುರುಮಾಡಬಹುದು, ಯಾವ ರಕ್ತದ ವರದಿಗೂ ಕಾಯಬೇಕಿಲ್ಲ.