ಅಂಗೈಯೊಳಗಿನ ಕೊಬ್ಬಿನ ಗಂಟು: ನಾನು ನೋಡುವ, ತೆಗೆಯುವ ರೀತಿ

ಕಲಬುರಗಿಯಲ್ಲಿ ಕೈ ಗಂಟಿನ ರೋಗಿಗಳು ನನ್ನ ಹತ್ತಿರ ತೊಗರಿ ರಾಶಿ ಮುಗಿದ ಮೇಲೆ ಜಾಸ್ತಿ ಬರುತ್ತಾರೆ. ಗಂಟು ವರ್ಷಗಳಿಂದ ಇರುತ್ತದೆ. ನೋವಿಲ್ಲ ಅಂತ ಸುಮ್ನೆ ಬಿಟ್ಟಿರುತ್ತಾರೆ. "ರೊಟ್ಟಿ ಬಡಿವಾಗ ಬೆರಳು ಜುಂ ಅಂತಾವ್ರೀ" ಅಂದಾಗ ನಾನು ಗಂಟು ಬಿಟ್ಟು ಮೊದಲು ನರ ನೋಡುತ್ತೇನೆ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಮೀಡಿಯನ್ ನರದ ಮೇಲೆ ಒತ್ತಡ. ಕಿರುಬೆರಳಾದರೆ ಅಲ್ನರ್ ನರ. ಪೇಪರ್ ಕ್ಲಿಪ್ಪಿನ ಎರಡು ತುದಿಗಳನ್ನು 5-6 ಮಿಮೀ ಅಂತರದಲ್ಲಿಟ್ಟು ಬೆರಳ ತುದಿಗೆ ಮುಟ್ಟಿಸಿದರೆ ಸಾಮಾನ್ಯವಾಗಿ ಎರಡೂ ಬೇರೆ ಬೇರೆಯಾಗಿ ಗೊತ್ತಾಗಬೇಕು. ಹೆಬ್ಬೆರಳು ಮೇಲೆತ್ತುವ ಬಲವನ್ನೂ ಎರಡೂ ಕೈಯಲ್ಲಿ ಹೋಲಿಸುತ್ತೇನೆ.

ತೋಳಿನ ಲಿಪೋಮಾ, ಅಂದರೆ ಕೊಬ್ಬಿನ ಗಂಟು, ಒತ್ತಿದರೆ ಬೆರಳಡಿ ಜಾರುತ್ತದೆ. ಅಂಗೈಯಲ್ಲಿ ಹಾಗಲ್ಲ. ಚರ್ಮದ ಕೆಳಗೆ ಗಟ್ಟಿ ಪೊರೆ ಇದೆಯಲ್ವಾ, ಅದರಡಿ ಬೆಳೆದ ಕೊಬ್ಬು ಮೇಲೇಳಲು ಜಾಗವಿಲ್ಲದೆ ಸ್ನಾಯುಗಳ ನಡುವೆ ಹರಡುತ್ತದೆ. ಹೊರಗೆ ಹುಣಸೆಬೀಜದಷ್ಟು ಕಂಡದ್ದು ಒಳಗೆ ನಿಂಬೆಹಣ್ಣಿನಷ್ಟಿರಬಹುದು. ಹಾಗಾಗಿ ಅಂಗೈ ಗಂಟನ್ನು ಓಪಿಡಿಯಲ್ಲೇ ಸೂಜಿಮದ್ದು ಕೊಟ್ಟು ಕೊಯ್ಯುವುದನ್ನು ನಾನು ಒಪ್ಪುವುದಿಲ್ಲ.

ಮೊದಲು ಅಲ್ಟ್ರಾಸೌಂಡ್. ನೀರುಗಂಟೋ ಕೊಬ್ಬೋ ಅಲ್ಲೇ ತಿಳಿಯುತ್ತದೆ. ಆಳದಲ್ಲಿದ್ದರೆ, ಅಥವಾ 5 ಸೆಂಮೀ ದಾಟಿದ್ದರೆ ಎಂಆರ್‌ಐ. ಖರ್ಚು ಹೆಚ್ಚು, ನಿಜ. ಆದರೆ ಕೊಬ್ಬು ನರದ ಒಳಗೇ ಬೆಳೆದಿದ್ದರೆ ಅದನ್ನು ಕಿತ್ತು ತೆಗೆಯುವ ಹಾಗಿಲ್ಲ, ನರವೇ ಹೋಗುತ್ತದೆ. ಅದು ಮೊದಲೇ ಗೊತ್ತಾಗಬೇಕು. ಒಳಗೆ ದಪ್ಪ ಗೋಡೆಗಳು, ಕೊಬ್ಬಲ್ಲದ ಭಾಗಗಳು ಕಂಡರೆ ಕ್ಯಾನ್ಸರ್ ಸಂಶಯ. ಕೈಯಲ್ಲಿ ಇದು ತೀರಾ ಅಪರೂಪ. ಆದರೂ ಅಂಥವರನ್ನು ಕತ್ತಿ ಮುಟ್ಟಿಸದೆ ಕ್ಯಾನ್ಸರ್ ವಿಭಾಗಕ್ಕೆ ಕಳಿಸುತ್ತೇನೆ.

ಆಪರೇಷನ್‌ಗೆ ಇಡೀ ತೋಳು ಮರಗಟ್ಟಿಸುತ್ತೇವೆ. ತೋಳಿಗೆ ಟೂರ್ನಿಕೆಟ್ ಪಟ್ಟಿ ಬಿಗಿದು ರಕ್ತ ತಡೆಯುತ್ತೇವೆ. ಕಣ್ಣಿಗೆ ಲೂಪ್, ಅಂದರೆ ದೊಡ್ಡದಾಗಿ ತೋರಿಸುವ ಕನ್ನಡಕ, ಬೇಕೇ ಬೇಕು. ಅಂಗೈ ಗೆರೆಗಳನ್ನು ನೇರವಾಗಿ ದಾಟಿ ಕೊಯ್ದರೆ ಗಾಯದ ಕಲೆ ಬಿಗಿದು ಕೈ ಮಡಚಿಕೊಳ್ಳುತ್ತದೆ, ಅದಕ್ಕೆ ಅಂಕುಡೊಂಕು ಗೀಟು ಹಾಕುತ್ತೇನೆ. ನೇರ ಗಂಟಿಗೆ ಕೈ ಹಾಕುವುದಿಲ್ಲ. ಗಂಟಿಲ್ಲದ ಒಳ್ಳೆಯ ಜಾಗದಲ್ಲಿ ನರ ಹುಡುಕಿ, ಅದನ್ನೇ ಹಿಡಿದು ಗಂಟಿನ ಕಡೆ ಬರುತ್ತೇನೆ. ಬೆರಳಿನ ನರಗಳು ಗಂಟಿನ ಮೇಲೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತವೆ, ಅವಸರ ಮಾಡಿದರೆ ಕಾಣುವುದೇ ಇಲ್ಲ. ನರ ಬಿಡಿಸಿದ ಮೇಲೆ ಹಳದಿ ಗಡ್ಡೆ ಪೊರೆಸಮೇತ ಹೊರಗೆ ಬರುತ್ತದೆ. ಹೊಲಿಯುವ ಮೊದಲು ಟೂರ್ನಿಕೆಟ್ ಬಿಟ್ಟು ರಕ್ತ ಪೂರ್ತಿ ನಿಲ್ಲಿಸುತ್ತೇನೆ.

ಮರುದಿನದಿಂದಲೇ ಬೆರಳು ಆಡಿಸಬೇಕು. ಜೋಮು ಇಳಿಯಲು ಕೆಲವರಿಗೆ ತಿಂಗಳುಗಳೇ ಬೇಕು, ಮೊದಲೇ ಹೇಳಿರುತ್ತೇನೆ. ಗಡ್ಡೆ ಎಷ್ಟೇ ಸಾದಾ ಕಂಡರೂ ಬಯಾಪ್ಸಿಗೆ ಹೋಗಲೇಬೇಕು. ಸೇಡಂ, ಚಿತ್ತಾಪುರದಿಂದ ಬರುವವರಿಗೆ ಎರಡೆರಡು ಸಲ ಬಸ್ ಖರ್ಚು ಆಗದಿರಲಿ ಅಂತ, ಎರಡು ವಾರಕ್ಕೆ ಹೊಲಿಗೆ ಬಿಚ್ಚುವ ದಿನವೇ ರಿಪೋರ್ಟನ್ನೂ ಕೊಡುತ್ತೇನೆ.