ಬ್ರೆಡ್ಡಿನ ಕಪ್ಪು ಬೂಷ್ಟನ್ನು ಬೆಳೆಸಿ ತೋರಿಸುವ ಬಗೆ: ನನ್ನ ಅನುಭವ

ಪದವಿ ತರಗತಿಗಳಿಗೆ ಸಸ್ಯಶಾಸ್ತ್ರ ಕಲಿಸುವ ನಾನು ಬ್ರೆಡ್ಡಿನ ಕಪ್ಪು ಬೂಷ್ಟಾದ ರೈಜೋಪಸ್ ಸ್ಟೋಲೊನಿಫರನ್ನು ಸಿದ್ಧ ಸ್ಲೈಡುಗಳಲ್ಲಿ ತೋರಿಸಿ ಮುಗಿಸದೆ, ಪ್ರಯೋಗಾಲಯದಲ್ಲೇ ಬೆಳೆಸುತ್ತೇನೆ. ಪ್ಯಾಕೆಟ್ ಬ್ರೆಡ್ಡಿಗೆ ಸಾಮಾನ್ಯವಾಗಿ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಬೆರೆಸಿರುವುದರಿಂದ ಅದಕ್ಕೆ ಬೂಷ್ಟು ಹಿಡಿಯುವುದು ತಡ; ಸಂರಕ್ಷಕವಿಲ್ಲದ ಬೇಕರಿ ಬ್ರೆಡ್ಡು ಉತ್ತಮ. ಬ್ರೆಡ್ಡಿನ ಹೋಳಿನ ಮೇಲೆ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಗಾಳಿಗೆ ತೆರೆದಿಟ್ಟು, ಗಾಜಿನ ತಟ್ಟೆಯಲ್ಲಿ ಮುಚ್ಚಿಟ್ಟರೆ ಮಳೆಗಾಲದಲ್ಲಿ ಮೂರು ನಾಲ್ಕು ದಿನಗಳೊಳಗೆ ಬಿಳಿ ಎಳೆಗಳ ತುದಿಯಲ್ಲಿ ಕಪ್ಪು ಚುಕ್ಕೆಗಳು ಮೂಡುತ್ತವೆ. ಹಸಿರು ಕಂಡರೆ ಅದು ಬಹುಮಟ್ಟಿಗೆ ಪೆನಿಸಿಲಿಯಂ ಅಥವಾ ಆಸ್ಪರ್ಜಿಲಸ್. ಆ ಹೋಳನ್ನು ಬಳಸುವುದಿಲ್ಲ.

ರೈಜೋಪಸ್ಸನ್ನು ಅದರ ಹತ್ತಿರದ ಬಂಧು ಮ್ಯೂಕರಿನಿಂದ ಬೇರ್ಪಡಿಸಲು ಹರಿದು ಹಬ್ಬುವ ಎಳೆ, ಅಂದರೆ ಸ್ಟೋಲಾನು, ಮತ್ತು ಅದರ ಗಂಟುಗಳಲ್ಲಿ ಕೆಳಗಿಳಿಯುವ ಬೇರಿನಂಥ ರೈಜಾಯ್ಡುಗಳು ಕೆಡದೆ ಕಾಣಬೇಕು. ರೈಜೋಪಸ್ಸಿನಲ್ಲಿ ಬೀಜಾಣುಧಾನಿಯ, ಅಂದರೆ ಬೀಜಾಣು ತುಂಬಿದ ಚೀಲದ, ಕಾಂಡಗಳು ಈ ರೈಜಾಯ್ಡುಗಳ ನೇರ ಮೇಲೆ ಗುಂಪಾಗಿ ಏಳುತ್ತವೆ. ಮ್ಯೂಕರಿನಲ್ಲಿ ರೈಜಾಯ್ಡುಗಳೇ ಇರುವುದಿಲ್ಲ. ಆದರೆ ಸೂಜಿಯಿಂದ ಬ್ರೆಡ್ಡನ್ನು ಕೆದಕಿ ತೆಗೆದ ಎಳೆಗಳಲ್ಲಿ ಈ ಜೋಡಣೆ ಉಳಿಯುವುದು ಅಪರೂಪ. ಅದಕ್ಕಾಗಿ ನಾನು ಹೋಳಿನ ಅಂಚಿಗೆ ಒಂದು ಸ್ಲೈಡನ್ನು ಓರೆಯಾಗಿ ಒರಗಿಸಿಡುತ್ತೇನೆ. ಸ್ಟೋಲಾನುಗಳು ಗಾಜಿನ ಮೇಲೆ ಹತ್ತಿ, ತಾಗಿದಲ್ಲೆಲ್ಲ ರೈಜಾಯ್ಡು ಊರುತ್ತವೆ. ಕಪ್ಪಾಗುವ ಮೊದಲೇ ಆ ಸ್ಲೈಡನ್ನು ತೆಗೆದು, ಗಾಳಿಗುಳ್ಳೆ ಹೋಗಲೆಂದು ಒಂದು ಹನಿ ಆಲ್ಕೋಹಾಲ್ ಹಾಕಿ, ಬಳಿಕ ಲ್ಯಾಕ್ಟೋಫಿನಾಲ್ ಕಾಟನ್ ಬ್ಲೂ ಎಂಬ ಬಣ್ಣ ಹಚ್ಚಿದರೆ ಇಡೀ ರಚನೆ ನೀಲಿಯಲ್ಲಿ ಸ್ಪಷ್ಟವಾಗುತ್ತದೆ. ಎಳೆಗಳಲ್ಲಿ ಅಡ್ಡಗೋಡೆಗಳಿಲ್ಲದೆ ಅನೇಕ ಕೇಂದ್ರಕಗಳು ಒಂದೇ ಕೋಶದ್ರವದಲ್ಲಿರುವುದನ್ನು ವಿವರಿಸಲು ಇದಕ್ಕಿಂತ ಅನುಕೂಲದ ಸಂದರ್ಭ ಸಿಗದು. ಚೆನ್ನಾಗಿ ಬಲಿತ ಬೀಜಾಣುಧಾನಿ ದ್ರವ ತಾಗಿದೊಡನೆ ಒಡೆಯುತ್ತದೆ. ಆಗ ನಡುವಿನ ಗುಮ್ಮಟವಾದ ಕಾಲ್ಯುಮೆಲ್ಲಾ ಮಗುಚಿದ ಬಟ್ಟಲಿನಂತೆ ಕುಸಿದಿರುತ್ತದೆ.

ಈ ಬೀಜಾಣುಗಳೆಲ್ಲ ನಿರ್ಲಿಂಗ ಸಂತಾನೋತ್ಪತ್ತಿಯ ಫಲ. ಲೈಂಗಿಕ ಹಂತ ಬ್ರೆಡ್ಡಿನ ಮೇಲೆ ತಾನಾಗಿ ಸಿಗುವುದನ್ನು ಕಾಯುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಅದಕ್ಕೆ ಪ್ಲಸ್ ಮತ್ತು ಮೈನಸ್ ಎಂಬ ಎರಡು ಹೊಂದುವ ತಳಿಗಳು ಎದುರಾಗಬೇಕು. ಇದನ್ನು ಅಮೆರಿಕದ ಸಸ್ಯವಿಜ್ಞಾನಿ ಆಲ್ಬರ್ಟ್ ಬ್ಲೇಕ್ಸ್ಲೀ 1904ರಲ್ಲಿ ತೋರಿಸಿಕೊಟ್ಟರು. ಶಿಲೀಂಧ್ರಗಳನ್ನು ಬೆಳೆಸಿ ಕಾಪಿಡುವ ಸಂಗ್ರಹದಿಂದ ತರಿಸಿದ ಎರಡು ತಳಿಗಳನ್ನು ಆಲೂಗಡ್ಡೆ ಡೆಕ್ಸ್ಟ್ರೋಸ್ ಅಗರ್ ಎಂಬ ಪೋಷಕ ಮಾಧ್ಯಮದ ತಟ್ಟೆಯ ಎರಡು ಬದಿಗಳಲ್ಲಿ ಬಿತ್ತುತ್ತೇನೆ. ಟ್ರೈಸ್ಪೋರಿಕ್ ಆಮ್ಲವೆಂಬ ಹಾರ್ಮೋನಿನ ಸಂಕೇತದಿಂದ ಪ್ರೇರಿತವಾದ ಎಳೆಗಳು ಪರಸ್ಪರ ತಾಗಿ, ತುದಿಗಳು ಉಬ್ಬಿ, ಗ್ಯಾಮಿಟಾಂಜಿಯಗಳಾಗಿ, ಅಂದರೆ ಲೈಂಗಿಕ ಕೋಶಗಳಾಗಿ, ಬೇರ್ಪಟ್ಟು ಕೂಡಿಕೊಳ್ಳುತ್ತವೆ. ತಟ್ಟೆಯ ನಡುವೆ ಕಾಣುವ ಕಪ್ಪು ಗೆರೆ ಹೀಗೆ ಹುಟ್ಟಿದ ಯುಗ್ಮಬೀಜಾಣುಗಳದ್ದು. ಒರಟು ದಪ್ಪ ಗೋಡೆಯ ಇವು ಮೊಳೆಯಲು ದೀರ್ಘ ವಿಶ್ರಾಂತಿ ಬೇಡುತ್ತವೆಯಾದ್ದರಿಂದ ಮುಂದಿನ ಹಂತವನ್ನು ಚಿತ್ರದಲ್ಲೇ ತೋರಿಸುತ್ತೇನೆ.

ವರ್ಗೀಕರಣದಲ್ಲಿ ಮಕ್ಕಳಿಗೆ ಗೊಂದಲ ಸಹಜ. ಪಿಯು ಪಠ್ಯದಲ್ಲಿ ರೈಜೋಪಸ್, ಮ್ಯೂಕರ್, ಆಲ್ಬ್ಯುಗೊ ಮೂರೂ ಫೈಕೋಮೈಸಿಟೀಸ್ ಗುಂಪಿನಲ್ಲಿವೆ. ಆದರೆ ಕೋಶಗೋಡೆಯಲ್ಲಿ ಸೆಲ್ಯುಲೋಸ್ ಇರುವ ಆಲ್ಬ್ಯುಗೊ ಈಗ ಶಿಲೀಂಧ್ರವೇ ಅಲ್ಲ, ನೀರುಬೂಷ್ಟುಗಳ ಗುಂಪಿನ ಊಮೈಸೀಟು. ರೈಜೋಪಸ್ಸಿನ ಗೋಡೆ ಕೈಟಿನ್ ಮತ್ತು ಕೈಟೊಸಾನಿನದು. ರೈಜೋಪಸ್ ಇದ್ದ ಜೈಗೊಮೈಕೋಟ ಎಂಬ ವಿಭಾಗವೂ 2016ರಲ್ಲಿ ಮ್ಯೂಕರೊಮೈಕೋಟ, ಜೂಪಗೊಮೈಕೋಟ ಎಂದು ಒಡೆಯಿತು. ರೈಜೋಪಸ್ ಮೊದಲನೆಯದರ ಮ್ಯೂಕರೇಲೀಸ್ ಗಣಕ್ಕೆ ಸೇರಿದೆ. ಪರೀಕ್ಷೆಗೆ ಪಠ್ಯದ ಉತ್ತರ ಬರೆಯಿರಿ, ಕಾರಣ ಮಾತ್ರ ತಿಳಿದಿರಿ ಎನ್ನುತ್ತೇನೆ.

2021ರ ಬಳಿಕ ಕಪ್ಪು ಶಿಲೀಂಧ್ರ ರೋಗದ (ಮ್ಯೂಕರ್‌ಮೈಕೋಸಿಸ್) ಭಯವನ್ನು ವಿದ್ಯಾರ್ಥಿಗಳು ಎತ್ತುತ್ತಾರೆ. ಮ್ಯೂಕರ್‌ಮೈಕೋಸಿಸ್ಸಿಗೆ ಮುಖ್ಯ ಕಾರಣ ರೈಜೋಪಸ್ ಅರೈಜಸ್ ಎಂಬ ಬೇರೊಂದು ಪ್ರಭೇದ. ನಮ್ಮ ಸ್ಟೋಲೊನಿಫರ್ ದೇಹದ 37 ಡಿಗ್ರಿ ತಾಪದಲ್ಲಿ ಬೆಳೆಯುವುದಿಲ್ಲ. ಆದರೂ ಗಾಳಿಯಿಂದ ಬಂದ ಬೂಷ್ಟು ಯಾವ ಪ್ರಭೇದದ್ದೆಂದು ಕಣ್ಣಳತೆಯಲ್ಲಿ ಹೇಳಲಾಗದ ಕಾರಣ, ಮಧುಮೇಹ ಅಥವಾ ಆಸ್ತಮಾ ಇರುವವರನ್ನು ತಟ್ಟೆ ತೆರೆಯುವ ಕೆಲಸದಿಂದ ದೂರವಿರಿಸುತ್ತೇನೆ. ತರಗತಿ ಮುಗಿದ ಮೇಲೆ ಎಲ್ಲವನ್ನೂ ಒತ್ತಡದ ಹಬೆಯ ಪಾತ್ರೆಯಾದ ಆಟೋಕ್ಲೇವಿನಲ್ಲಿ 121 ಡಿಗ್ರಿಗೆ ಕಾಯಿಸಿಯೇ ಹೊರಗೆಸೆಯುತ್ತೇವೆ.