ಕೆಲಸದಲ್ಲಿ ಗಾಯವಾದರೆ ಪರಿಹಾರದ ಲೆಕ್ಕ ಹಾಕುವುದು ಹೇಗೆ?

ಮೊದಲು ಅಪಘಾತದ ತಾರೀಕು ನೋಡಿ. 1923ರ ನೌಕರರ ಪರಿಹಾರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹಕ್ಕು ಹುಟ್ಟುವುದು ಅಪಘಾತವಾದ ದಿನವೇ. ಹಾಗಾಗಿ ಅದಕ್ಕಿಂತ ಹಿಂದಿನ ಗಾಯಕ್ಕೆ ಹಳೇ ಕಾಯ್ದೆಯೇ ಆಧಾರ. ಸಂಹಿತೆಯಲ್ಲಿ ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ ಸೇರಿದೆ, ಆದರೆ ಕೆಲಸಕ್ಕೂ ಅದಕ್ಕೂ ಇರುವ ನಂಟನ್ನು ತೋರಿಸಬೇಕು.

ಗಾಯಾಳು ಇಎಸ್‌ಐಗೆ (ನೌಕರರ ರಾಜ್ಯ ವಿಮೆ) ಒಳಪಟ್ಟಿದ್ದರೆ ಮಾಲೀಕರ ಮೇಲೆ ಪರಿಹಾರದ ಅರ್ಜಿ ನಿಲ್ಲುವುದಿಲ್ಲ. ಇಎಸ್‌ಐ ಕಚೇರಿಗೇ ಹೋಗಿ.

ಲೆಕ್ಕದ ಸೂತ್ರ ಎರಡು ಕಾನೂನಿನಲ್ಲೂ ಒಂದೇ. ಸಾವಾದರೆ ತಿಂಗಳ ಸಂಬಳದ 50%, ಶಾಶ್ವತ ಪೂರ್ಣ ಅಸಮರ್ಥತೆಗೆ 60%. ಅದನ್ನು ವಯಸ್ಸಿಗೆ ತಕ್ಕಂತೆ ಕಾನೂನು ಕೊಟ್ಟಿರುವ ಗುಣಕದಿಂದ ಗುಣಿಸಬೇಕು. ಸಂಬಳ ₹15,000, ವಯಸ್ಸು 30, ಗುಣಕ 207.98 ಎಂದುಕೊಳ್ಳಿ. ಪೂರ್ಣ ಅಸಮರ್ಥತೆಗೆ ಸಂಬಳದ 60% ಅಂದರೆ ₹9,000. 9,000 × 207.98 = ₹18,71,820. ಕೈಯ ಹೆಬ್ಬೆರಳು ಪೂರ್ತಿ ಹೋದರೆ ಅನುಸೂಚಿ (ಯಾವ ಗಾಯಕ್ಕೆ ಎಷ್ಟು ಎಂದು ಕಾನೂನಿನಲ್ಲೇ ಇರುವ ಪಟ್ಟಿ) ಹೇಳುವುದು 30%, ಅಂದರೆ ಈ ಮೊತ್ತದಲ್ಲಿ ₹5,61,546. ವಯಸ್ಸು ಕಳೆದ ಹುಟ್ಟುಹಬ್ಬಕ್ಕೆ ತುಂಬಿದ್ದು ಮಾತ್ರ. 29 ವರ್ಷ 10 ತಿಂಗಳಿನವರನ್ನು 30 ಎಂದು ಬರೆದರೆ 209.92 ಹೋಗಿ 207.98 ಬರುತ್ತದೆ, ದುಡ್ಡು ಕಡಿಮೆಯಾಗುತ್ತದೆ.

ದೊಡ್ಡ ನಷ್ಟ ಆಗುವುದು ಶೇಕಡಾವಾರಿನಲ್ಲಿ. ವೈದ್ಯರು "ಬಲಗೈ 40%" ಎಂದು ಬರೆದುಕೊಡುತ್ತಾರೆ, ಅದನ್ನೇ ಅರ್ಜಿಗೆ ಇಳಿಸಿಬಿಡುತ್ತಾರೆ. ಕಾನೂನು ಕೇಳುವುದು ಕೈಯ ಊನವನ್ನಲ್ಲ, ಗಳಿಕೆ ಸಾಮರ್ಥ್ಯ ಎಷ್ಟು ಕುಂದಿತು ಎಂಬುದನ್ನು. ಎಡಗೈ ಕತ್ತರಿಸಿಹೋದ ಬಡಗಿಯೊಬ್ಬರ ಪ್ರಕರಣದಲ್ಲಿ, ಒಂದೇ ಕೈಯಲ್ಲಿ ಮರಗೆಲಸ ಆಗದು ಎಂದು ಸುಪ್ರೀಂ ಕೋರ್ಟ್ 1976ರಲ್ಲೇ ಪೂರ್ಣ ಅಸಮರ್ಥತೆಯನ್ನು ಒಪ್ಪಿದೆ. ಆದ್ದರಿಂದ ಗಾಯಾಳು ಮಾಡುತ್ತಿದ್ದ ಕೆಲಸ ಏನು, ಅದಕ್ಕೆ ಯಾವ ಹಿಡಿತ, ಎಷ್ಟು ಬಲ ಬೇಕು ಎಂಬುದನ್ನು ವೈದ್ಯರಿಗೆ ಬರೆದುಕೊಟ್ಟು, ಪ್ರಮಾಣಪತ್ರದಲ್ಲಿ ಗಳಿಕೆ ನಷ್ಟವನ್ನೇ ನಮೂದಿಸಲು ಕೇಳಿ. ವೈದ್ಯರು ಸಾಕ್ಷಿ ಹೇಳಲು ಬರುತ್ತಾರೆಯೇ ಎಂದೂ ಆಗಲೇ ಕೇಳಿಕೊಳ್ಳಿ.

ಗಾಯವಾದ ದಿನವೇ ಆಸ್ಪತ್ರೆಯಲ್ಲಿ "ಕೆಲಸದ ಜಾಗದಲ್ಲಿ, ಇಂಥ ಯಂತ್ರದಿಂದ" ಎಂದು ಬರೆಸಿ. "ಮನೆಯಲ್ಲಿ ಬಿದ್ದು" ಎಂದು ಬರೆದ ಒಂದು ಸಾಲು ಆಮೇಲೆ ಇಡೀ ಅರ್ಜಿಯನ್ನು ಮುಳುಗಿಸುತ್ತದೆ. ಸಂಬಳ ಚೀಟಿ ಇಲ್ಲದಿದ್ದರೆ ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇ ಜಮೆ, ಹಾಜರಿ ಪುಸ್ತಕದ ಫೋಟೋ, ಜೊತೆಗಾರರ ಸಾಕ್ಷಿ ಒಟ್ಟುಮಾಡಿ. ಚಿಕಿತ್ಸೆಯ ಬಿಲ್ಲುಗಳ ಮೂಲಪ್ರತಿ ಬಿಸಾಡಬೇಡಿ. ಆ ಖರ್ಚು ಪರಿಹಾರದಿಂದ ಬೇರೆಯಾಗಿ ಸಿಗಬೇಕಾದದ್ದು. ಮಾಲೀಕರಿಗೆ ನೋಟಿಸನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಸಾವಾದ ಮನೆಗೆ ಮಾಲೀಕರು ಬಂದು ಸ್ಟಾಂಪ್ ಪೇಪರಿನ ಮೇಲೆ ಸಹಿ ಕೇಳುವುದುಂಟು. ಪರಿಹಾರವನ್ನು ಪ್ರಾಧಿಕಾರದ (ಈ ಅರ್ಜಿಗಳನ್ನು ತೀರ್ಮಾನಿಸುವ ಸರ್ಕಾರಿ ಅಧಿಕಾರಿ) ಮುಂದೆ ಠೇವಣಿ ಇಡಲೇಬೇಕು, ಕೈಗೆ ಕೊಟ್ಟದ್ದು ಪರಿಹಾರವಾಗುವುದಿಲ್ಲ. ಸತ್ತವರು ಕುಡಿದಿದ್ದರು ಎಂಬ ನೆಪವೂ ಸಾವಿನ ಪ್ರಕರಣದಲ್ಲಿ ನಡೆಯುವುದಿಲ್ಲ.

ಅರ್ಜಿಗೆ ಗಡುವು 2 ವರ್ಷ. ಹಣ ಒಂದು ತಿಂಗಳೊಳಗೆ ಬರದಿದ್ದರೆ 12% ಬಡ್ಡಿ, ತಕ್ಕ ಕಾರಣ ಇಲ್ಲದಿದ್ದರೆ 50% ವರೆಗೆ ದಂಡ. ಎರಡನ್ನೂ ಅರ್ಜಿಯಲ್ಲೇ ಕೇಳಿ ಬರೆಯಿರಿ.